ಡ್ರೈವರ್ ಹಿಂದಿನ ಸೀಟು

ನಿವೃತ್ತಿಗೆ ಎರಡು ವರ್ಷ ಬಾಕಿ ಇದ್ದಾಗ ನಾನು ಮೋಟಾರು ವಾಹನ ನಿರೀಕ್ಷಕಿಯಾಗಿ ಚಳ್ಳಕೆರೆ, ಮೊಳಕಾಲ್ಮುರು ತಾಲ್ಲೂಕುಗಳ ರಸ್ತೆಗಳಲ್ಲಿ ತಪಾಸಣೆ ನಡೆಸುತ್ತಿದ್ದೆ. ಕಾರಿನಲ್ಲಿ ಹಿಂದೆ ಕೂತವರಿಗೂ ಸೀಟ್ ಬೆಲ್ಟ್ ಬೇಕೆಂದು ನಾವು ಬಿಗಿ ಮಾಡಿದ್ದ ಕಾಲ ಅದು. ನೆಪಗಳನ್ನು ಕೇಳಿ ಕೇಳಿ ಸಾಕಾಗಿ ಹೋಗಿತ್ತು. ಈಗ ತಾನೇ ಊಟ ಆಯಿತು, ಇಲ್ಲೇ ಹತ್ತಿರ ಹೋಗಬೇಕು, ರೇಷ್ಮೆ ಸೀರೆ ಸುಕ್ಕಾಗುತ್ತದೆ. ಶೇಂಗಾ ಎಣ್ಣೆ ಮಿಲ್ಲಿನ ಮಾಲೀಕರೊಬ್ಬರು ಕಾರಿನಿಂದ ಇಳಿದು, ಬೆಲ್ಟು ತಮ್ಮ ಹೊಟ್ಟೆಗೆ ಸಾಲದೆಂದು ಎಳೆದೇ ತೋರಿಸಿದ್ದರು. ಹಾಗಾಗಿ ವಯಸ್ಸಾದವರು ಅಲ್ಲಿ ನೋವು ಇಲ್ಲಿ ನೋವು ಎಂದರೂ ನಾನು ಸುಲಭಕ್ಕೆ ಕರಗುತ್ತಿರಲಿಲ್ಲ.

ಬೇಸಿಗೆಯ ಒಂದು ಬೆಳಿಗ್ಗೆ ತಳಕು ದಾಟಿದ ಮೇಲೆ ಬೇವಿನ ಮರದ ನೆರಳಲ್ಲಿ ನಿಂತಿದ್ದೆವು. ಚಳ್ಳಕೆರೆ ಕಡೆಯಿಂದ ಬಂದ ಕಾರೊಂದನ್ನು ನಿಲ್ಲಿಸಿದೆ. ಓಡಿಸುತ್ತಿದ್ದವನು ಓಬಳೇಶ, ಕುದಾಪುರದ ಪಕ್ಕದ ಹಟ್ಟಿಯವನು. ಅವನ ಎಡಕ್ಕೆ ಮುಂದಿನ ಸೀಟಿನಲ್ಲಿ ತಂದೆ ಬೋರಯ್ಯ, ಎಪ್ಪತ್ತು ದಾಟಿದವರು. ಹಿಂದೆ ಓಬಳೇಶನ ಹೆಂಡತಿ ಪಾಪಮ್ಮ. ಮೂವರೂ ಬೆಲ್ಟ್ ಹಾಕಿದ್ದರು. ಹೋಗಲಿ ಬಿಡೋಣ ಎನ್ನುವಷ್ಟರಲ್ಲಿ ಬೋರಯ್ಯನವರ ಎಡ ಭುಜದ ಮೇಲೆ ಕಣ್ಣು ಬಿತ್ತು. ಕುರಿ ಕಾಯುವವರು ಸದಾ ಹೆಗಲಿಗೆ ಹಾಕುವ ಕಂಬಳಿಯನ್ನು ನಾಲ್ಕು ಮಡಿಕೆ ಮಾಡಿ ಎದೆಗೆ ಒತ್ತಿಕೊಂಡು, ಅದರ ಮೇಲೆ ಬೆಲ್ಟ್ ಎಳೆದುಕೊಂಡಿದ್ದರು. ನನ್ನ ಇಡೀ ಕೈ ಒಳಗೆ ತೂರುವಷ್ಟು ಸಡಿಲ.

ಬೆಲ್ಟು ಮೈಗೆ ಹತ್ತಿ ಕೂತರೆ ಮಾತ್ರ ಕೆಲಸ ಮಾಡುತ್ತದೆ. ಓರೆ ಪಟ್ಟಿ ಭುಜದ ಮೇಲೆ ಹಾದು ಎದೆಯ ನಡುವೆ ಇಳಿಯಬೇಕು, ಅಡ್ಡ ಪಟ್ಟಿ ಹೊಟ್ಟೆ ಬಿಟ್ಟು ಕೆಳಗೆ ಸೊಂಟದ ಮೂಳೆಗೆ ಕೂರಬೇಕು. ನಡುವೆ ದಪ್ಪ ಕಂಬಳಿ ಇದ್ದರೆ ಬ್ರೇಕ್ ಬಿದ್ದಾಗ ಅದು ಅಮುಕಿಕೊಂಡು, ಮನುಷ್ಯ ಅಷ್ಟು ದೂರ ಮುಂದಕ್ಕೆ ಹೋಗುತ್ತಾನೆ. ಕಂಬಳಿ ತೆಗೆಯಿರಿ ಅಂದೆ.

"ತೆಗೆದ್ರೆ ಮಿಷನ್ ನಿಂತೋಗ್ತೈತೆ ತಾಯಿ," ಎಂದರು ಬೋರಯ್ಯ. ಅಂಗಿಯ ಗುಂಡಿ ಬಿಚ್ಚಿ ತೋರಿಸಿದರು. ಎಡ ಎದೆಯ ಮೇಲ್ಭಾಗದಲ್ಲಿ, ಚರ್ಮದ ಅಡಿಯಲ್ಲಿ ಬೆಂಕಿಪೊಟ್ಟಣದಂಥ ಉಬ್ಬು. ಎದೆಬಡಿತ ತಪ್ಪದಂತೆ ನೋಡಿಕೊಳ್ಳುವ ಪೇಸ್‌ಮೇಕರ್. ಆಪರೇಷನ್ ಆಗಿ ಹೆಚ್ಚು ದಿನವಾಗಿರಲಿಲ್ಲ, ಹೊಲಿಗೆಯ ಗುರುತು ಇನ್ನೂ ಕೆಂಪಗಿತ್ತು. ಮುಂದಿನ ಎಡ ಸೀಟಿನ ಬೆಲ್ಟು ಸರಿಯಾಗಿ ಅದರ ಮೇಲೇ ಹಾಯುತ್ತಿತ್ತು. ನನ್ನ ಬಿಗಿ ಮುಖ ಅಲ್ಲಿಗೆ ಸಡಿಲವಾಯಿತು.

ಎಲ್ಲಿಗೆ ಹೊರಟಿದ್ದೀರಿ ಎಂದು ಕೇಳಿದೆ. ಪಾಪಮ್ಮ ಹೇಳಿದಳು: "ಮೊಳಕಾಲ್ಮುರು ಹತ್ರ ಮಾವನ ಅಕ್ಕ ಅದಾರೆ ಮೇಡಂ. ಹಾಸಿಗೆ ಹಿಡಿದಾರೆ, ಇವತ್ತೋ ನಾಳೆಯೋ ಅಂತಾರೆ. ತಮ್ಮನ್ನ ಕರ್ಕಂಬರ್ರಿ ಅಂತ ಒಂದೇ ಸಮ ಕೇಳ್ತಾರಂತೆ." ಹಾಗಿದ್ದಾಗ ಇವರನ್ನು ತಡೆದು ನಿಲ್ಲಿಸುವುದು ನನ್ನಿಂದಾಗದು. ಆ ಸಡಿಲ ಬೆಲ್ಟಿನಲ್ಲಿ ಲಾರಿಗಳ ನಡುವೆ ಕಳಿಸುವುದೂ ಆಗದು.

ಯಂತ್ರದ ವಿಷಯ ನನ್ನದಲ್ಲ. ಆಪರೇಷನ್ ಮಾಡಿದ ಡಾಕ್ಟರಿಗೆ ಓಬಳೇಶನ ಕೈಯಲ್ಲೇ ಫೋನ್ ಮಾಡಿಸಿದೆ. ಬೆಲ್ಟಿನಿಂದ ಯಂತ್ರ ನಿಲ್ಲುವುದಿಲ್ಲ, ಬೆಲ್ಟ್ ಬಿಡಬೇಡಿ, ಆದರೆ ಹಸಿ ಗಾಯದ ಮೇಲೆ ಉಜ್ಜದಂತೆ ನೋಡಿಕೊಳ್ಳಿ, ಎಡಗೈ ಮೇಲೆತ್ತಿಸಬೇಡಿ ಎಂದರು ಅವರು. ಅಷ್ಟು ಗೊತ್ತಾದ ಮೇಲೆ ಉಳಿದದ್ದು ನನ್ನ ಕಸುಬು. ಡ್ರೈವರ್ ಹಿಂದಿನ ಸೀಟಿನಲ್ಲಿ ಬೆಲ್ಟು ಬಲ ಭುಜದ ಮೇಲಿಂದ ಬರುತ್ತದೆ. ಎಡ ಎದೆಯ ಮೇಲ್ಭಾಗಕ್ಕೆ ಅದು ತಾಗುವುದೇ ಇಲ್ಲ. ಹಿಂದೆ ಬನ್ನಿ ಅಂದೆ.

ಮುದುಕರು ಕೂತಲ್ಲಿಂದ ಅಲ್ಲಾಡಲಿಲ್ಲ. ಹಿರಿಯರಿಗೆ ಮುಂದಿನ ಸೀಟು ಎಂಬುದು ನಮ್ಮ ಕಡೆ ಯಾರೂ ಮುರಿಯದ ಮರ್ಯಾದೆ. ಹಿಂದಿನ ಸೀಟು ಹೆಂಗಸರಿಗೆ, ಮಕ್ಕಳಿಗೆ, ಇಲ್ಲವೇ ರೋಗಿಗೆ.

"ಹಿಂದೆ ಕುಂತು ಹೋದ್ರೆ ಅಕ್ಕನ ಮನೇರು ಏನಂತಾರವ್ವ? ಬೋರಯ್ಯನ್ನ ಹೊತ್ಕಂಡು ಬಂದ್ರು ಅಂತಾರೆ. ಅದು ಅವಳ ಕಿವಿಗೆ ಬಿದ್ರೆ? ನಾನು ಚೆನ್ನಾಗಿದೀನಿ ಅಂತ ತಿಳ್ಕಂಡು ಹೋಗ್ಲಿ ಅವಳು."

ಇದಕ್ಕೆ ನಿಯಮ ಹೇಳಿದರೆ ಮೂರ್ಖಳಾಗುತ್ತಿದ್ದೆ. ಅಷ್ಟರಲ್ಲಿ ಪಾಪಮ್ಮ ಇಳಿದು ಮುಂದಿನ ಬಾಗಿಲ ಹತ್ತಿರ ಬಂದಳು.

"ಮಾವ, ಮಂದೆ ಹೊಡ್ಕಂಡು ಹೋಗಾಗ ನೀವು ಮುಂದೆ ನಡೀತಿದ್ರಾ? ಇವರ್ನ ಮುಂದೆ ಬಿಟ್ಟು ನೀವು ಹಿಂದೆ ಬರ್ತಿದ್ರಿ. ಹಿಂದಿದ್ದೋನಿಗೆ ಎಲ್ಲಾ ಕುರಿ ಕಾಣ್ತಾವೆ ಅಂತ ನಮಗೆ ಹೇಳಿಕೊಟ್ಟೋರು ಯಾರು?"

ಬೋರಯ್ಯ ಬೆಲ್ಟಿನ ಕೊಂಡಿ ಬಿಚ್ಚಿದರು. ಆಮೇಲೆ "ಲೇ ಓಬಳೇಶ, ಬಾಗ್ಲು ತೆಗಿ" ಎಂದರು. ನಿಧಾನವಾಗಿ ಇಳಿದು, ಪಕ್ಕದ ಜಾಲಿ ಗಿಡದ ಮರೆಗೆ ಹೋಗಿ ಬಂದರು. ಮೈಯ ನೀರು ಇಳಿಸುವ ಮಾತ್ರೆ ನುಂಗುತ್ತಿದ್ದರು. ಬೆಲ್ಟ್ ಬಿಗಿದು ಕೂತರೆ ಮತ್ತೆ ಮತ್ತೆ ಗಾಡಿ ನಿಲ್ಲಿಸು ಎನ್ನಲು ಸಂಕೋಚವಂತೆ. ಕೇಳದಿದ್ದರೂ ದಾರಿಯಲ್ಲಿ ನಿಲ್ಲಿಸುತ್ತಿರು ಎಂದು ಓಬಳೇಶನಿಗೆ ಗದರಿಸಿಯೇ ಹೇಳಿದೆ. ಬಲ ಭುಜದಿಂದ ಬೆಲ್ಟ್ ಎಳೆದು ನಾನೇ ಹಾಕಿದೆ. ಕಂಬಳಿ ಮಡಿಲಿಗೆ ಬಂತು. ಪಾಪಮ್ಮ ಅವರ ಪಕ್ಕ ಎಡಕ್ಕೆ ಕೂತಳು, ಮುಂದಿನ ಸೀಟು ಖಾಲಿಯೇ ಹೋಯಿತು.

ಮಧ್ಯಾಹ್ನ ಅದೇ ಕಾರು ಹಿಂದಿರುಗಿತು. ನಾವು ಕೈ ತೋರಿಸದಿದ್ದರೂ ನಿಂತಿತು. ಬೋರಯ್ಯ ಹಿಂದಿನ ಕಿಟಕಿ ಇಳಿಸಿದರು.

"ಕಣ್ಣು ಬಿಟ್ಲು ತಾಯಿ. 'ವಚ್ಚಿನಾವಾ ತಮ್ಮುಡಾ' ಅಂದ್ಲು. ನನ್ನ ಕೈ ಬಿಡ್ಲೇ ಇಲ್ಲ."

ಬಂದೆಯಾ ತಮ್ಮಾ ಎಂದು ಆ ಗಡಿ ಸೀಮೆಯ ತೆಲುಗಿನಲ್ಲಿ ಕೇಳಿದ್ದಳಂತೆ ಅಕ್ಕ. ಹೇಳುತ್ತಾ ಅವರು ಅತ್ತರು. ಯೂನಿಫಾರ್ಮಿನಲ್ಲಿದ್ದೇನೆಂಬುದನ್ನು ಮರೆತು ನಾನೂ ಕಣ್ಣೊರೆಸಿಕೊಂಡೆ. ಆ ವಾರವೇ ಆಕೆ ತೀರಿಕೊಂಡ ಸುದ್ದಿಯನ್ನು, ಅಂದು ನನ್ನ ನಂಬರ್ ಬರೆದುಕೊಂಡಿದ್ದ ಓಬಳೇಶ ಫೋನ್ ಮಾಡಿ ತಿಳಿಸಿದ.

ಅಂದಿನಿಂದ ನಿವೃತ್ತಿಯವರೆಗೆ, ಬೆಲ್ಟ್ ಹಾಕದ ಹಿರಿಯರು ಸಿಕ್ಕರೆ ಮೊದಲು ಎಲ್ಲಿ ನೋವು ಎಂದು ಕೇಳುತ್ತಿದ್ದೆ. ಆಮೇಲೆ ಯಾವ ಸೀಟು ಒಗ್ಗುತ್ತದೆಂದು ಅವರನ್ನು ಕೂರಿಸಿಯೇ ನೋಡುತ್ತಿದ್ದೆ. ಬೆಲ್ಟಿನ ವಿಷಯದಲ್ಲಿ ಮಾತ್ರ ಒಬ್ಬರಿಗೂ ರಿಯಾಯಿತಿ ಕೊಡಲಿಲ್ಲ. ವಯಸ್ಸಾದವರು ಬೆಲ್ಟಿಗೆ ಹೆದರಿ ಮನೆಯಲ್ಲೇ ಉಳಿದರೆ ನಿಯಮ ಸೋತಂತೆ ಎಂಬುದು ನನಗೆ ಆ ದಿನ ತಿಳಿದ ಪಾಠ. ಎಷ್ಟು ಕೇಸು ಹಾಕಿದೆನೆಂದು ಈಗ ಯಾರಾದರೂ ಕೇಳಿದರೆ ನೆನಪಿಲ್ಲ. ಒಬ್ಬ ಅಕ್ಕ ತನ್ನ ತಮ್ಮನ ಕೈ ಹಿಡಿದು ಮಾತಾಡಿ ಹೋದಳು, ಅದರಲ್ಲಿ ನನ್ನದೂ ಒಂದಿಷ್ಟು ಪಾಲಿದೆ ಎಂಬ ಹೆಮ್ಮೆ ಮಾತ್ರ ಉಳಿದಿದೆ.