ಅಡ್ಡಗಾಲಿನ ಹವಾಲ್ದಾರರು

ಗೋಕಾಕದ ಸಂತೆಯಲ್ಲಿ ಬಾಳಪ್ಪ ಹವಾಲ್ದಾರರು ಎದುರಾದರೆ ದಾಟಿ ಹೋಗುವುದು ಸುಲಭವಿರಲಿಲ್ಲ. ಮೊಣಕಾಲು ಬಾಗಿಸಿ, ಕೈ ಅಗಲಿಸಿ, ನಾವು ಸರಿದತ್ತ ತಾವೂ ಏಡಿಯಂತೆ ಸರಿಯುತ್ತಿದ್ದರು. "ದಾರಿ ಬಿಡೋ ಬಾಳ್ಯಾ, ಬದನಿಕಾಯಿ ಬೀಳ್ತಾವ!" ಎಂದು ಬುಟ್ಟಿ ಹೊತ್ತ ಮುದುಕಿ ಬೈದರೆ, "ನೋಡಬೇ ಯವ್ವಾ, ಕೈ ಹತ್ತಿಲ್ಲ!" ಎಂದು ನಗುವರು.

ಮೇಲವಂಕಿಯ ಈ ಮನುಷ್ಯ ಬಾಸ್ಕೆಟ್‌ಬಾಲ್ ಕಲಿತದ್ದು ಮಿಲಿಟರಿಯಲ್ಲಿ. ಸ್ವಾತಂತ್ರ್ಯ ಬಂದು ಹತ್ತು ವರ್ಷವಾಗಿದ್ದಿರಬೇಕು. ಶಾಲಾ ಮಾಸ್ತರನಾಗಿದ್ದ ನಾನೂ ನಾಲ್ವರು ಗೆಳೆಯರೂ ಗೋಕಾಕದಲ್ಲಿ ಸಂಜೆ ಅದೇ ಆಟ ಆಡುತ್ತಿದ್ದೆವು, ಹುಕ್ಕೇರಿ ತಂಡದವರ ಎದುರು ವರ್ಷವರ್ಷವೂ ಸೋಲುತ್ತಿದ್ದೆವು. ಅವರಲ್ಲಿಬ್ಬರು ತೆಂಗಿನಮರದಷ್ಟು ಎತ್ತರ.

"ಎಮ್ಮಿ ಬೆಳಿಯಾಗ ಹೊಕ್ಕಮ್ಯಾಲ ಯಾಕ ಒದರ್ತೀರಿ? ಅದರ ಮನಿ ಬಾಗಲದಾಗ ತರುಬ್ರಿ. ಚೆಂಡು ಅವರ ಕೈಗೆ ಬಂದಲ್ಲೇ ಹೋಗಿ ನಿಂದರ್ರಿ, ಅಂಗಳದ ತುಂಬ ಬೆನ್ನ ಬಿಡಬ್ಯಾಡ್ರಿ" ಎಂದರು ಒಂದು ಸಂಜೆ ನಮ್ಮ ಆಟ ನೋಡಿದ ಹವಾಲ್ದಾರರು, ಅಂದಿನಿಂದ ನಮ್ಮ ಗುರುವಾದರು.

ಅಭ್ಯಾಸಕ್ಕೆ ಒಂದು ಹೋತವನ್ನು ಹಿಡಿದು ತಂದರು. ಅದನ್ನು ಮುಟ್ಟದೆಯೇ ಮೂಲೆಗೆ ಒತ್ತಬೇಕು. ಮೊದಲ ದಿನವೇ ಅದು ನನ್ನ ಹೊಟ್ಟೆಗೆ ಗುದ್ದಿ ಕೆಡವಿತು. "ಏಳ್ರಿ ಮಾಸ್ತರ, ಫೌಲು ಅದರದು, ನಿಮ್ಮದಲ್ಲ!"

ಹುಕ್ಕೇರಿಯ ಪಂದ್ಯದಲ್ಲಿ ನಾವು ಅವರ ಅರ್ಧದಲ್ಲೇ ಮುತ್ತಿಗೆ ಹಾಕಿದೆವು. ಚೆಂಡು ಸಿಕ್ಕ ಹತ್ತು ಸೆಕೆಂಡಿನೊಳಗೆ ಅವರು ನಡುಗೆರೆ ದಾಟಬೇಕು, ಇಲ್ಲದಿದ್ದರೆ ಚೆಂಡು ನಮಗೆ. ಹವಾಲ್ದಾರರು ಹೊರಗಿನಿಂದ, ಜೋಳ ಅಳೆಯುವವರು ಒಂದಕ್ಕೆ ಲಾಭ ಎನ್ನುವಂತೆ, "ಲಾಭ, ಎರಡ, ಮೂರ..." ಎಂದು ಕೂಗತೊಡಗಿದರು. ಹುಕ್ಕೇರಿಯ ಜನವೂ ಖುಷಿಯಿಂದ ದನಿಗೂಡಿಸಿತು. ಗಾಬರಿಯಾದ ತೆಂಗಿನಮರಗಳು ಚೆಂಡನ್ನು ಪ್ರೇಕ್ಷಕರತ್ತ ಎಸೆದವು. ನಾವು ಗೆದ್ದೆವು.

ಆಮೇಲೆ ಸುದ್ದಿ ತಿಳಿಯಿತು: ಹವಾಲ್ದಾರರು ವಾರಕ್ಕೊಮ್ಮೆ ಹುಕ್ಕೇರಿಗೆ ಹೋಗಿ ಅವರಿಗೂ ಅದನ್ನೇ ಕಲಿಸುತ್ತಿದ್ದಾರೆ! ಮರುವರ್ಷ ಅವರು ನಮ್ಮನ್ನು ನಡುಗೆರೆ ದಾಟಗೊಡಲಿಲ್ಲ, ಸೋತೆವು. "ನಾಳಿಂದ ಮೈದಾನಕ್ಕ ಬರ್ರಿ" ಎಂದು ಹವಾಲ್ದಾರರು ಕರೆದರು. ನಾವು ಹೋಗಲಿಲ್ಲ. ಸಂತೆಯಲ್ಲಿ ಕಂಡರೂ ಮುಖ ತಿರುಗಿಸಿದೆವು.

ಕೆಲವು ತಿಂಗಳ ಮೇಲೆ, ಅವರು ಕಾಯಿಲೆ ಬಿದ್ದು ಮೂಡಲಗಿಯ ಮಗಳ ಮನೆ ಸೇರಿದ್ದಾರೆಂದು ತಿಳಿದಾಗ ಸಿಟ್ಟು ಉಳಿಯಲಿಲ್ಲ. ಐವರೂ ಬಸ್ಸು ಹತ್ತಿದೆವು.

"ಅವರಿಗ್ಯಾಕ ಕಲಿಸಿದ್ರಿ?" ಎಂದು ಕೇಳಿಯೇಬಿಟ್ಟೆ.

"ಹುಚ್ಚಪ್ಪಗಳಿರಾ, ತಡಿಯೋದು ನಿಮಗ ಬಂತು. ತಡದವರನ್ನ ದಾಟೋದು ಕಲಿಸಬೇಕಂದ್ರ ಖರೇನ ತಡಿಯೋರು ಎದುರಿಗೆ ಬೇಕಲ್ಲ? ಅವರನ್ನ ತಯಾರ ಮಾಡಿ ನಿಮ್ಮ ದಾರಿ ಕಾಯ್ಕೋತ ಕುಂತೆ. ನೀವು ಸಿಟ್ಟ ಮಾಡಿಕೊಂಡ ಕುಂತ್ರಿ."

ಅವರು ಮಗಳಿಂದ ಶೇಂಗಾ ತರಿಸಿ ಹಾಸಿಗೆಯ ಮೇಲೆ ಹತ್ತು ಕಾಳು ಜೋಡಿಸಿದರು. ಐದು ನಾವು, ಐದು ಹುಕ್ಕೇರಿ. ಯಾರು ಎಲ್ಲಿಗೆ ಓಡಬೇಕು, ಚೆಂಡು ಯಾರಿಗೆ ಹೋಗಬೇಕು ಎಂದು ಕಾಳು ಸರಿಸುತ್ತಾ ತೋರಿಸಿದರು. ನಡುವೆ ಹುಕ್ಕೇರಿಯ ಒಬ್ಬನನ್ನು ಬಾಯಿಗೆ ಹಾಕಿಕೊಂಡು, "ಇವಂಗ ದಮ್ಮ ಹತ್ತೇತಿ, ಹೊರಗ ಹೋದ" ಎಂದರು. ಕೆಮ್ಮು ಬಂತು. "ನಡುಗೆರಿ ತನಕ ಆತು. ಮುಂದಿಂದು ಬರೋ ವಾರ ನೋಡೋಣು."

ಆ ವಾರ ಬರುವ ಮೊದಲೇ ಅವರು ಹೋಗಿಬಿಟ್ಟರು.

ಮತ್ತೆ ಹುಕ್ಕೇರಿಯವರೊಡನೆ ಆಡಿದಾಗ ಚೆಂಡು ನಡುಗೆರೆಯವರೆಗೆ ನೀರು ಹರಿದಂತೆ ಸಾಗಿತು. ಗೆರೆ ದಾಟಿದ್ದೇ ತಡ, ಚೆಂಡು ಕೈಯಲ್ಲಿದ್ದರೂ ಐವರೂ ಒಬ್ಬರ ಮುಖ ಒಬ್ಬರು ನೋಡುತ್ತಾ ನಿಂತೆವು.