ವಲ್ಲಿಯ ಕೆಳಗಿನ ಮಾತು

ಹಳೆಯ ಟ್ರಂಕಿನ ಮುಚ್ಚಳ ಎತ್ತಿದರೆ ಸಾಕು, ತಂಬಾಕು ಮತ್ತು ಎತ್ತಿನ ಮೈಯ ವಾಸನೆ ಇವತ್ತಿಗೂ ಗಪ್ಪನೆ ಮೂಗಿಗೆ ಬಡಿಯುತ್ತದೆ. ಅಪ್ಪನ ಹೆಗಲ ಮೇಲಿದ್ದ ವಲ್ಲಿಯ ವಾಸನೆ ಅದು. ನಿಮ್ಮ ಮನೆಯಲ್ಲೂ ಒಗೆಯಲು ಮನಸ್ಸಾಗದ ಇಂಥದೊಂದು ಬಟ್ಟೆ ಇದ್ದೀತು. ಅಪ್ಪ ಕುಕನೂರಿನ ದನದ ಸಂತೆಯಲ್ಲಿ ದಲಾಲನಾಗಿದ್ದ. ಕೊಳ್ಳುವವನ ಕೈಯನ್ನೂ ತನ್ನ ಕೈಯನ್ನೂ ವಲ್ಲಿಯಿಂದ ಮುಚ್ಚಿ, ಬೆರಳು ಹಿಡಿದು ಒತ್ತಿ ವ್ಯಾಪಾರ ಮಾತಾಡುವುದು ಅಲ್ಲಿನ ಪದ್ಧತಿ. ಸುತ್ತ ನಿಂತವರಿಗೆ ಏನೇನೂ ತಿಳಿಯುತ್ತಿರಲಿಲ್ಲ. ಕೊನೆಗೆ ಬೆರಳು ಬಿಟ್ಟು ಇಡೀ ಅಂಗೈಯನ್ನು ಬಿಗಿಯಾಗಿ ಹಿಡಿದರೆ ಮಾತು ಮುಗಿಯಿತೆಂದು ಅರ್ಥ. ಆಮೇಲೆ ಯಾರೂ ಹಿಂದೆ ಸರಿಯುವಂತಿಲ್ಲ.

ನೀಲವ್ವ ನಮ್ಮ ಮನೆಗೆ ಬಂದಾಗ ನಾನು ಎಂಟರವಳು, ಅವಳಿಗೆ ನಾಲ್ಕಿರಬೇಕು. ಆಗಿನ್ನೂ ನಿಜಾಮನ ಕಾಲ. ನವಲಿಯಲ್ಲಿದ್ದ ಅಪ್ಪನ ಗೆಳೆಯನೊಬ್ಬ ಕಾಲರಾ ಬಂದು ಹೆಂಡತಿಯ ಸಮೇತ ತೀರಿಕೊಂಡಿದ್ದ. ಅಲ್ಲಿಗೆ ಹೋರಿ ನೋಡಲು ಹೋದ ಅಪ್ಪ ಆ ಗೆಳೆಯನ ಮಗಳನ್ನು ಕರೆದುಕೊಂಡು ಬಂದ. ಕೂಸಿಗೆ ಕಿವಿ ಕೇಳಿಸುವುದಿಲ್ಲವೆಂದು ಗೊತ್ತಾದದ್ದೇ ತಡ, ಅಜ್ಜಿ ಪಟ್ಟು ಹಿಡಿದಳು. "ದೀಪಾವಳಿ ತನಕ ಇರಲಿ. ಆಮ್ಯಾಲ ಅದರ ಸೋದರಮಾವನ ಮನಿಗೆ ಬಿಟ್ಟು ಬಾ," ಎಂದು ಓಣಿಯ ಹೆಂಗಸರ ಎದುರಿಗೇ ಅಪ್ಪನಿಗೆ ಹೇಳಿದಳು. ಆ ಮಾವನಿಗೂ ಅವಳು ಬೇಡವಾಗಿದ್ದಳು. ಆದರೆ ನಾಲ್ಕು ಜನರ ಮುಂದೆ ಆಡಿದ ಮಾತನ್ನು ಅಜ್ಜಿ ಹಿಂದಕ್ಕೆ ತೆಗೆದುಕೊಂಡದ್ದನ್ನು ಯಾರೂ ಕಂಡಿರಲಿಲ್ಲ.

ಇಂಥ ಗಡುವು ತಲೆಯ ಮೇಲಿದ್ದರೂ ಮನೆಯಲ್ಲಿ ನಗುವಿಗೇನೂ ಬರವಿರಲಿಲ್ಲ. ಅವ್ವ ಆದೋನಿ ಕಡೆಯವಳು, ಮಕ್ಕಳೊಂದಿಗೆ ತೆಲುಗಿನಲ್ಲೇ ಮಾತು. ಅಜ್ಜಿಯದು ಕನ್ನಡ. ಅಪ್ಪ ಸಂತೆಯಿಂದ ಉರ್ದು ಹೊತ್ತು ತರುತ್ತಿದ್ದ. "ಮೊದಲ ಕಿವಿ ಕೇಳಂಗಿಲ್ಲ, ಅದಕ್ಕ ಮೂರು ಮಾತು ಯಾಕ ತುರುಕ್ತೀರಿ?" ಎಂದು ಓಣಿಯವರು ಕೇಳುತ್ತಿದ್ದರು. ನೀಲವ್ವ ತುಟಿ ನೋಡಿಯೇ ಎಲ್ಲವನ್ನೂ ಹಿಡಿದುಬಿಟ್ಟಳು. ಅಜ್ಜಿ 'ಬಾ' ಎಂದರೆ ತುಟಿ ಮುಚ್ಚಿ ತೆರೆಯುತ್ತದೆ, ಅವ್ವ 'ರಾ' ಎಂದರೆ ಮುಚ್ಚುವುದೇ ಇಲ್ಲ, ಅಪ್ಪ 'ಆವೋ' ಎಂದರೆ ಕೊನೆಗೆ ದುಂಡಗಾಗುತ್ತದೆ. ಮೂರಕ್ಕೂ ಓಡಿ ಬರುತ್ತಿದ್ದಳು, ಅಜ್ಜಿ ಕರೆದದ್ದು ಬೆಕ್ಕನ್ನಾದರೂ ಸರಿ. ಮಿಕ್ಕದ್ದನ್ನು ಅಪ್ಪ ಬೆರಳಲ್ಲಿ ಕಲಿಸಿದ. ಕಿರುಬೆರಳು ಹಿಡಿದರೆ ನೀರು, ತೋರುಬೆರಳು ರೊಟ್ಟಿ, ಹೆಬ್ಬೆರಳು ಅವ್ವ. ಆದರೆ ಕೈಯಲ್ಲಿ ಮಾತಾಡಲು ಅವನಿಗೆ ಗೊತ್ತಿದ್ದದ್ದು ಒಂದೇ ರೀತಿ, ವಲ್ಲಿಯ ಕೆಳಗೆ. ಹಾಗಾಗಿ ಮಾತಾಡಬೇಕಾದರೆ ಕೈಮೇಲೆ ಬಟ್ಟೆ ಇರಲೇಬೇಕೆಂದು ನೀಲವ್ವ ತಿಳಿದುಕೊಂಡಳು. ನೀರಡಿಸಿದರೆ ಮೊದಲು ಬಟ್ಟೆ ಹುಡುಕುವಳು. ಒಮ್ಮೆ ಉಣ್ಣಲು ಕೂತಿದ್ದ ಬೀಗರ ಎಂಜಲು ಕೈಯ ಮೇಲೆ ರೊಟ್ಟಿ ಬುಟ್ಟಿಯ ಅರಿವೆ ಹೊದಿಸಿ ಕಿರುಬೆರಳು ಹಿಡಿದಳು. ಅವರು ಗಾಬರಿಯಾದರು, ನಾವು ಹೊಟ್ಟೆ ಹಿಡಿದುಕೊಂಡು ನಕ್ಕೆವು.

ಅಜ್ಜಿಯ ಬಳಿಗೂ ದಿನಾ ವಲ್ಲಿ ಹಿಡಿದು ಹೋಗುತ್ತಿದ್ದಳು. "ನಾ ಏನು ಎತ್ತು ಮಾರಾಕ ಕುಂತೀನೇನ?" ಎಂದು ಅಜ್ಜಿ ಕೈ ಎಳೆದುಕೊಳ್ಳುತ್ತಿದ್ದಳು. ಒಂದು ಮಧ್ಯಾಹ್ನ ಶೇಂಗಾ ಸುಲಿಯುತ್ತ ಕೂತಿದ್ದಾಗ ಯಾಕೋ ಎಳೆದುಕೊಳ್ಳಲಿಲ್ಲ. ವಲ್ಲಿಯ ಕೆಳಗಿನದು ಯಾರಿಗೂ ಕಾಣುವುದಿಲ್ಲವಲ್ಲ. ಅಂದಿನಿಂದ ಇಬ್ಬರೂ ಕಟ್ಟೆಯ ಮೇಲೆ ಜೋಡಿಯಾಗಿ ಕೂರತೊಡಗಿದರು. ಅಜ್ಜಿ ಮುಖ ಗಂಟಿಕ್ಕಿಕೊಂಡೇ ಬೀದಿ ನೋಡುವಳು, ನೀಲವ್ವ ಕಿಲಕಿಲ ನಗುವಳು.

ದೀಪಾವಳಿ ಮುಗಿದ ಮರುದಿನ ಅಪ್ಪ ಬಂಡಿ ಹೂಡಿದ. ಅವ್ವ ಅಳುತ್ತ ಬುತ್ತಿ ಕಟ್ಟಿದಳು. ಓಣಿಯ ಹೆಂಗಸರು ನೆರೆದಿದ್ದರು. ಅಜ್ಜಿಯ ಮುಖ ನೋಡಲೂ ನನಗೆ ಅಂದು ಮನಸ್ಸಿರಲಿಲ್ಲ. ಏನೂ ತಿಳಿಯದ ನೀಲವ್ವ ಅಪ್ಪನ ಹೆಗಲಿನಿಂದ ವಲ್ಲಿ ಎಳೆದುಕೊಂಡು ಎಂದಿನಂತೆ ಅಜ್ಜಿಯ ಪಕ್ಕ ಹೋಗಿ ಕೂತಳು. ವಲ್ಲಿಯ ಕೆಳಗೆ ಹೋದ ಕೈಗಳು ಬಹಳ ಹೊತ್ತು ಹೊರಗೆ ಬರಲಿಲ್ಲ.

"ಹೊತ್ತಾತು, ಬಿಡಬೇ ಯವ್ವಾ," ಎಂದ ಅಪ್ಪ.

ಅಜ್ಜಿ ಬೀದಿಯತ್ತಲೇ ನೋಡುತ್ತ, "ಹ್ಯಾಂಗ ಬಿಡ್ಲೋ? ಇಡೀ ಕೈ ಹಿಡದ ಆತು. ದಲಾಲಿ ಮಾಡಾಂವ ಅದಿ, ನಿನಗ ನಾ ಹೇಳಬೇಕನ? ಎತ್ತು ಬಿಚ್ಚು," ಎಂದಳು.

ಅಪ್ಪ ಎತ್ತು ಬಿಚ್ಚಿದ. ಆ ಬುತ್ತಿಯನ್ನು ನಾವೆಲ್ಲ ಕಟ್ಟೆಯ ಮೇಲೆ ಕೂತು ಉಂಡೆವು. ಅಷ್ಟು ರುಚಿಯಾದ ರೊಟ್ಟಿಯನ್ನು ನಾನು ಮತ್ತೆ ಉಂಡಿಲ್ಲ.

ಅಜ್ಜಿ ಹೋದಳು, ಅಪ್ಪ ಅವ್ವ ಹೋದರು. ಆ ಕಟ್ಟೆಯೂ ಈಗಿಲ್ಲ. ಹೋದ ವರ್ಷ ನೀಲವ್ವನೂ ಹೋದಳು. ಅವಳ ಮಕ್ಕಳು ಬಾಯಲ್ಲೂ ಬೆರಳಲ್ಲೂ ಮಾತಾಡುತ್ತಾರೆ, ಬಟ್ಟೆಯ ಹಂಗಿಲ್ಲದೆ. ಮನೆಯಲ್ಲಿ ಯಾರೂ ಇಲ್ಲದಾಗ ನಾನು ವಲ್ಲಿಯನ್ನು ತೊಡೆಯ ಮೇಲೆ ಹರಡಿ, ಅದರ ಕೆಳಗೆ ಕೈ ಚಾಚಿ ಸ್ವಲ್ಪ ಹೊತ್ತು ಕೂರುತ್ತೇನೆ.