ಸಾರ್ ಬಸ್ ಹತ್ತಿದರು, ನಾನು ಘಾಟಿ ಹತ್ತಿದೆ

"ನೀನು ಹೋಗು. ನಾನು ಬಸ್ಸಲ್ಲಿ ಬರ್ತೀನಿ" ಎಂದರು ಸಾರ್, ದಾರಿ ಬದಿಯ ಕಲ್ಲಿನ ಮೇಲೆ ಕುಳಿತು ಎದೆ ನೀವಿಕೊಳ್ಳುತ್ತ. ನನಗೆ ಸಿಟ್ಟು ಬಂತು. ಕುವೈತಿನಿಂದ ಜಪಾನಿನ ತನಕ ನನ್ನನ್ನು ಕರೆತಂದದ್ದು ಅವರನ್ನು ನೋಡಿಕೊಳ್ಳಲು, ಬಿಟ್ಟು ಹೋಗಲು ಅಲ್ಲ.

ಸಾರ್ ಎಂದರೆ ನನ್ನ ಯಜಮಾನರು, ಮೈಸೂರು ಕಡೆಯ ಇಂಜಿನಿಯರ್. ನಾನು ಪುತ್ತೂರಿನವನು, ಓದಿದ್ದು ಏಳನೇ ಕ್ಲಾಸು. ಕುವೈತಿನ ಎಗೈಲಾದಲ್ಲಿರುವ ಮನೆಯಿಂದ ಸಿಟಿಯ ಆಫೀಸಿಗೆ ಅವರ ಕಾರು ಓಡಿಸುತ್ತೇನೆ. ಟ್ರಾಫಿಕ್ಕಿನಲ್ಲಿ ನಿಂತಾಗಲೆಲ್ಲ ಅವರು ಫೋನಿನಲ್ಲಿ ಒಂದು ದಾರಿಯ ಚಿತ್ರ ನೋಡುತ್ತಿದ್ದರು. ಕಾರು, ರೈಲು ಇಲ್ಲದ ಕಾಲದ ಜಪಾನಿನ ಹೆದ್ದಾರಿಯಂತೆ. ಬೆಟ್ಟದ ನಡುವೆ, ದಣಿದವರು ತಂಗಲು ಅಲ್ಲಲ್ಲಿ ಊರುಗಳು.

"ರಸ್ತೆ ನೋಡ್ಲಿಕ್ಕೆ ಅಷ್ಟು ದೂರ ಯಾಕೆ ಸಾರ್? ಇಲ್ಲೇ ಉಂಟಲ್ಲ, ಇಷ್ಟು ಅಗಲದ್ದು."

"ಇದರಲ್ಲಿ ನಡೆಯೋಕಾಗುತ್ತೇನೋ?"

ಮುಂದಿನ ಕಾರು ಸರಿಯಿತು, ನಾನು ಗೇರ್ ಹಾಕಿದೆ.

ಹೃದಯಕ್ಕೆ ಸ್ಟೆಂಟ್ ಹಾಕಿಸಿಕೊಂಡ ಮೇಲಂತೂ ಅವರು ಹಠ ಹಿಡಿದರು. ಕೊನೆಗೆ ಅವರ ಹೆಂಡತಿ, ನಮ್ಮ ಮೇಡಂ, ನನ್ನ ಕಡೆ ಬೆರಳು ತೋರಿಸಿದರು. "ಇವನು ಜೊತೆಗಿದ್ರೆ ಮಾತ್ರ. ಏದುಸಿರು ಬಂತು ಅಂದ್ರೆ ಬಸ್ ಹತ್ತಿಸ್ಬಿಡು. ಅವರ ಮಾತು ಕೇಳ್ಬೇಡ."

ಅಭ್ಯಾಸಕ್ಕೆ ಕುವೈತಿನಲ್ಲಿ ಏರು ಎಲ್ಲಿದೆ, ನೀವೇ ಹೇಳಿ. ಮಾಲ್ ಒಂದರ ಪಾರ್ಕಿಂಗ್ ಕಟ್ಟಡದಲ್ಲಿ ಕಾರು ಹತ್ತುವ ಇಳಿಜಾರನ್ನೇ ನಾವು ದಿನಾ ಹತ್ತಿ ಇಳಿದೆವು. ಅಲ್ಲಿನ ಕಾವಲುಗಾರ ದಿನಾ ಕೇಳುತ್ತಿದ್ದ, "ಭಾಯಿ, ಗಾಡಿ ಇನ್ನೂ ಸಿಗಲಿಲ್ವಾ?"

ಮಾಗೊಮೆ ಎಂಬ ಊರಿನಿಂದ ತ್ಸುಮಾಗೊ ಎಂಬ ಊರಿಗೆ ನಡೆಯುವುದು ನಮ್ಮ ಲೆಕ್ಕಾಚಾರ. ಹೊರಡುವಾಗಲೇ ಒಂದು ಆಫೀಸಿನವರು ಬ್ಯಾಗುಗಳನ್ನು ಇಸಿದುಕೊಂಡರು, ಮುಂದಿನ ಊರಿಗೆ ಗಾಡಿಯಲ್ಲಿ ಕಳಿಸುತ್ತಾರಂತೆ. ನಾನು ಬರಿಗೈಯಲ್ಲಿ ನಿಂತೆ.

"ಹಾಗಾದ್ರೆ ನಾನು ಎಂತ ಮಾಡುದು ಸಾರ್?"

"ನಡೆಯೋದು ಕಣೋ."

ಕಲ್ಲು ಹಾಸಿದ ಏರು. ಮೂರು ಸಲ ನಿಂತರು, ನಾಲ್ಕನೇ ಸಲ ಕುಳಿತರು. ಎಳೆದುಕೊಂಡು ಹೋಗಿ ಬಸ್ ಹತ್ತಿಸಬೇಕಾದೀತು ಎಂದುಕೊಂಡಿದ್ದೆ. ಅವರೇ ಸೋಲು ಒಪ್ಪಿಕೊಂಡರು. ಆಸ್ಪತ್ರೆಯ ಮಂಚದ ಮೇಲೂ ಆ ಮುಖ ಅಷ್ಟು ಬಾಡಿದ್ದನ್ನು ನಾನು ಕಂಡಿರಲಿಲ್ಲ.

"ನಾನೂ ಬಸ್ಸಲ್ಲೇ ಬರ್ತೇನೆ. ಮೇಡಂ ನನ್ನನ್ನು ಕೊಲ್ತಾರೆ."

"ಬಾಯ್ಮುಚ್ಚು. ಬಸ್ಸಲ್ಲಿ ಕೂತವನಿಗೆ ಏನಾಗುತ್ತೆ? ನೀನು ನಡೆದು ಬಂದು ನಂಗೆ ಹೇಳು. ಒಂದೂ ಬಿಡಬಾರ್ದು."

ಬಸ್ ಹತ್ತಿಸಿ, ಡ್ರೈವರಿಗೆ ಕೈಸನ್ನೆಯಲ್ಲೇ ಎಲ್ಲ ವಿವರಿಸಿ, ನಾನು ಘಾಟಿ ಹತ್ತಿದೆ. ಬರೆದಿಟ್ಟುಕೊಳ್ಳುವ ಅಭ್ಯಾಸ ನನಗಿಲ್ಲ. ಬೆರಳು ಮಡಿಸುತ್ತ ಹೋದೆ. ಕರಡಿ ಹೆದರಲಿ ಎಂದು ದಾರಿಯಲ್ಲಿ ಗಂಟೆ ಕಟ್ಟಿದ್ದಾರೆ, ಒಂದು ಬೆರಳು. ಮರದ ಮನೆಯೊಂದರಲ್ಲಿ ಒಬ್ಬ ಮುದುಕ ಸುಮ್ಮನೆ ಚಹಾ ಕೊಟ್ಟ, ಯಾರು ಏನು ಎಂದು ಕೇಳಲಿಲ್ಲ, ಇನ್ನೊಂದು. ನಡುಕಾಡಿನಲ್ಲಿ ಯಾರೋ ಕಲ್ಲಿನ ಮೇಲಿನ ಎಲೆ ಗುಡಿಸಿದ್ದರು. ನೀರು ಎಲ್ಲಿ ನೋಡಿದರೂ ಹರಿಯುತ್ತಿತ್ತು. ಅಲ್ಲಿಯ ತನಕ ನೀನು ಏನು ನೋಡಿದೆ ಎಂದು ನನ್ನನ್ನು ಯಾರೂ ಕೇಳಿದ್ದಿಲ್ಲ. ಹಾಗಾಗಿ ನೋಡುವುದೇ ನನಗೆ ಹೊಸ ಕೆಲಸ.

ತ್ಸುಮಾಗೊದಲ್ಲಿ ಸಾರ್ ಬೆಂಚಿನ ಮೇಲೆ ಕಾಯುತ್ತಿದ್ದರು. ನೀರು ಕುಡಿಯಲೂ ಬಿಡಲಿಲ್ಲ.

"ಹೇಳು. ಫೋನಲ್ಲಿ ನೋಡಿದ್ನಲ್ಲ ಆ ಕರಡಿ ಗಂಟೆ, ಅದರ ಶಬ್ದ ಹೇಗಿತ್ತು?"

"ಗಂಟೆಯ ಹಾಗೇ ಇತ್ತು ಸಾರ್."

ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಆಮೇಲೆ ಬೆರಳು ಬೆರಳಾಗಿ ಎಲ್ಲ ಕೇಳಿಸಿಕೊಂಡರು.

ಕಳೆದ ಶುಕ್ರವಾರ ಎಗೈಲಾದ ಮನೆಗೆ ಅವರ ಆಫೀಸಿನವರು ಬಂದಿದ್ದರು. "ಪೂರ್ತಿ ನಡೆದ್ರಾ ಸಾರ್?" ಎಂದು ಒಬ್ಬರು ಕೇಳಿದರು. ಹೌದು ಎಂದಿದ್ದರೆ ಯಾರು ಹೋಗಿ ನೋಡುತ್ತಿದ್ದರು? ಬಾಗಿಲಲ್ಲಿದ್ದ ನಾನಂತೂ ಬಾಯಿ ಬಿಡುತ್ತಿರಲಿಲ್ಲ.

"ನಾನು ಅರ್ಧಕ್ಕೇ ಬಸ್ ಹತ್ತಿದೆ. ಪೂರ್ತಿ ನಡೆದವನು ಇವನು" ಎಂದರು ಸಾರ್. ಪಕ್ಕಕ್ಕೆ ಸರಿದು ಸೋಫಾದಲ್ಲಿ ಜಾಗ ಮಾಡಿದರು. "ಬಾರೋ, ಕೂತ್ಕೋ. ಹೇಳು ಇವರಿಗೆ."

ಆ ಸೋಫಾದ ಮೇಲೆ ನಾನು ಅದುವರೆಗೆ ಕುಳಿತಿರಲಿಲ್ಲ. ಕುಳಿತೆ, ಹೇಳಿದೆ. ಅಷ್ಟೇ. ಇದಕ್ಕೆ ಸೇರಿಸಲು ನನ್ನಲ್ಲಿ ಇನ್ನೇನೂ ಇಲ್ಲ.